ಲೇಖಕಿಯರ ಆತ್ಮಕಥೆಗಳಲ್ಲಿ ಬರವಣಿಗೆಯ ಮಾತು ಏಕೆ ಇಷ್ಟು ಕಡಿಮೆ?

ಪ್ರಶ್ನೆ: ಕೋಥರೂಡಿನ ಓದುಗಿ, ಪುಣೆ

ಎಲ್ಲರಿಗೂ ನಮಸ್ಕಾರ. ಪುಣೆಯಲ್ಲಿ ನೆಲೆಸಿರುವ ನಾವು ಕೆಲವು ಕನ್ನಡತಿಯರು ತಿಂಗಳಿಗೊಮ್ಮೆ ಒಬ್ಬೊಬ್ಬರ ಮನೆಯಲ್ಲಿ ಸೇರಿ ಪುಸ್ತಕವೊಂದನ್ನು ಓದಿ ಚರ್ಚಿಸುತ್ತೇವೆ. ಈ ವರ್ಷ ಲೇಖಕಿಯರ ಆತ್ಮಕಥೆಗಳನ್ನೇ ಓದಬೇಕೆಂದು ನಿಶ್ಚಯಿಸಿ, ಅನುಪಮಾ ನಿರಂಜನ ಅವರ ‘ಬರಹಗಾರ್ತಿಯ ಬದುಕು’ ಹಾಗೂ 2019ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ವಿಜಯಾ ಅವರ ‘ಕುದಿ ಎಸರು’ ಕೃತಿಗಳಿಂದ ಆರಂಭಿಸಿದೆವು.

ಚರ್ಚೆಯಲ್ಲಿ ನಮ್ಮ ಹಿರಿಯ ಸದಸ್ಯೆಯೊಬ್ಬರು ಎತ್ತಿದ ಆಕ್ಷೇಪ ನನ್ನನ್ನು ಬಿಡದೆ ಕಾಡುತ್ತಿದೆ. ಲೇಖಕರು ತಮ್ಮ ಜೀವನವನ್ನು ಬರೆಯುವಾಗ ಯಾವ ಕಾದಂಬರಿ ಹೇಗೆ ಹುಟ್ಟಿತು, ಯಾರ ಓದು ತಮ್ಮನ್ನು ತಿದ್ದಿತು, ಯಾವ ವಿಮರ್ಶಕರೊಡನೆ ಜಗಳವಾಯಿತು ಎಂಬುದನ್ನೆಲ್ಲ ವಿಸ್ತಾರವಾಗಿ ಹೇಳುತ್ತಾರೆ. ಲೇಖಕಿಯರಾದರೋ ಮದುವೆ, ಬಾಣಂತನ, ಕಾಯಿಲೆ, ಮನೆಯೊಳಗಿನ ಹಿಂಸೆ ಇವುಗಳಲ್ಲೇ ನಿಂತುಬಿಡುತ್ತಾರೆ ಎಂಬುದು ಅವರ ಮಾತು. ಹೆಣ್ಣಿನ ಕಥೆ ಸಿಕ್ಕಿತು, ಬರಹಗಾರ್ತಿಯ ಕಥೆ ಸಿಗಲಿಲ್ಲ ಎಂದು ಅವರು ನಿಜವಾದ ಬೇಸರದಿಂದಲೇ ಹೇಳಿದರು. ಈ ಆಕ್ಷೇಪವನ್ನು ನೀವು ಒಪ್ಪುತ್ತೀರಾ? ಮರಾಠಿ ಓದಬಲ್ಲವರು ನಮ್ಮಲ್ಲಿ ಅನೇಕರಿರುವುದರಿಂದ ಆ ಭಾಷೆಯ ಪುಸ್ತಕಗಳನ್ನೂ ಸೂಚಿಸಬಹುದು.

ಉತ್ತರ: ಡೊಂಬಿವಲಿ ನಿವಾಸಿ

ಮಾನ್ಯರೇ, ನಾನು ಈ ಆಕ್ಷೇಪವನ್ನು ಒಪ್ಪಲಾರೆ. ಅನುಪಮಾ ಅವರು ವೃತ್ತಿಯಿಂದ ವೈದ್ಯೆ. ಪತಿ ನಿರಂಜನರು ಹೆಸರಾಂತ ಕಾದಂಬರಿಕಾರರು. 1971ರಲ್ಲಿ ನಿರಂಜನರು ಪಾರ್ಶ್ವವಾಯುವಿಗೆ ಗುರಿಯಾದ ಮೇಲೆ ಚಿಕಿತ್ಸಾಲಯ, ಸಂಸಾರ, ಪತಿಯ ಶುಶ್ರೂಷೆ ಎಲ್ಲವೂ ಇದ್ದ ಮನೆಯಲ್ಲಿ ಅವರ ಬರವಣಿಗೆ ಮುಂದುವರಿಯಿತು, ಮುಂದೆ ಕ್ಯಾನ್ಸರ್ ತಮ್ಮನ್ನೇ ಹಿಡಿದಾಗಲೂ ಅದು ನಿಲ್ಲಲಿಲ್ಲ. ‘ತಾಯಿ-ಮಗು’, ‘ವಧುವಿಗೆ ಕಿವಿಮಾತು’ ಇಂತಹ ಪುಸ್ತಕಗಳನ್ನು ಒಂದು ತಲೆಮಾರಿನ ಕನ್ನಡದ ಹೆಣ್ಣುಮಕ್ಕಳು ಕೈಯಿಂದ ಕೈಗೆ ದಾಟಿಸಿ ಓದಿದ್ದಾರೆ. ತನ್ನ ದೇಹದ ಬಗ್ಗೆ ಯಾರನ್ನೂ ಕೇಳಲಾಗದೆ ಕುಳಿತ ರೋಗಿಯನ್ನು ದಿನವೂ ಎದುರಿಗೆ ಕಂಡ ವೈದ್ಯೆಯಲ್ಲದೆ ಬೇರೆ ಯಾರು ಆ ಪುಸ್ತಕಗಳನ್ನು ಬರೆಯಬಹುದಿತ್ತು? ಆದ್ದರಿಂದ ಮನೆ ಮತ್ತು ವೃತ್ತಿಯ ವಿವರಗಳನ್ನು ಬದಿಗೆ ಸರಿಸಿ ‘ಸಾಹಿತ್ಯ’ವನ್ನು ಪ್ರತ್ಯೇಕವಾಗಿ ಹುಡುಕಹೊರಟರೆ, ಆ ಸಾಹಿತ್ಯ ಹುಟ್ಟಿದ ಜಾಗವೇ ನಮ್ಮ ಕಣ್ಣಿಗೆ ಬೀಳುವುದಿಲ್ಲ.

ಬಂಗಾಳದ ರಾಸಸುಂದರೀ ದೇವಿಯವರನ್ನು ನೆನೆಯಿರಿ. 19ನೆಯ ಶತಮಾನದ ಆ ಗೃಹಿಣಿ ‘ಚೈತನ್ಯ ಭಾಗವತ’ದ ಒಂದು ಹಾಳೆಯನ್ನು ಅಡುಗೆಮನೆಯಲ್ಲಿ ಬಚ್ಚಿಟ್ಟುಕೊಂಡು, ಮಗ ಬರೆದ ಅಕ್ಷರಗಳೊಂದಿಗೆ ಅದನ್ನು ಹೋಲಿಸಿ ನೋಡುತ್ತ ಗುಟ್ಟಾಗಿ ಓದು ಕಲಿತರು. ಮುಂದೆ ‘ಆಮಾರ್ ಜೀಬನ್’ ಎಂಬ ಆತ್ಮಕಥೆಯನ್ನೇ ಬರೆದರು. ಅವರ ಪುಸ್ತಕದಲ್ಲಿ ಅಡುಗೆಯ ಮಾತು ಎಲ್ಲಿ ಮುಗಿದು ಅಕ್ಷರದ ಮಾತು ಎಲ್ಲಿ ಶುರುವಾಗುತ್ತದೆಂದು ಗೆರೆ ಎಳೆಯಲು ಯಾರಿಗೂ ಸಾಧ್ಯವಿಲ್ಲ.

ನನ್ನ ಅನುಭವದ ಒಂದು ಮಾತು ಸೇರಿಸುತ್ತೇನೆ. ಬ್ಯಾಂಕಿನಲ್ಲಿ ದುಡಿಯುತ್ತಿದ್ದ ವರ್ಷಗಳಲ್ಲಿ ಬೆಳಗಿನ ಲೋಕಲ್‌ನ ಮಹಿಳಾ ಡಬ್ಬಿಯಲ್ಲಿ ಕೂರಲು ಜಾಗ ಸಿಕ್ಕಿದ ದಿನ ಮಾತ್ರ ನಾನು ಕಥೆ ಬರೆದಿದ್ದೇನೆ. ನನ್ನ ಕಥೆಗಳೆಲ್ಲ ಚಿಕ್ಕವಾಗಿವೆ, ಅವುಗಳಲ್ಲಿ ಪಾತ್ರಗಳು ಕಡಿಮೆ. ಇದಕ್ಕೆ ಯಾವ ಸಾಹಿತ್ಯ ಸಿದ್ಧಾಂತವೂ ಕಾರಣವಲ್ಲ. ಕೃತಿಯ ಅಳತೆ, ಆಕಾರಗಳನ್ನು ಕೂಡ ಬದುಕಿನ ಬಿಡುವು ನಿರ್ಧರಿಸುತ್ತದೆ. ಲೇಖಕಿಯ ಆತ್ಮಕಥೆಯನ್ನು ಓದುವಾಗ ನಾನು ಮೊದಲು ಹುಡುಕುವುದು ಆಕೆ ದಿನದ ಯಾವ ಹೊತ್ತಿನಲ್ಲಿ ಬರೆಯುತ್ತಿದ್ದಳು ಎಂಬುದನ್ನು.

ಉತ್ತರ: ಮಡಗಾಂವ್‌ನಿಂದ

ಮೇಲಿನವರ ವಾದವನ್ನು ಗೌರವಿಸುತ್ತಲೇ ಹಿರಿಯ ಸದಸ್ಯೆಯ ಪರವಾಗಿ ಎರಡು ಮಾತು ಹೇಳಬೇಕೆನಿಸುತ್ತದೆ. ಕಷ್ಟಗಳನ್ನು ಹೇಳಿಕೊಂಡ ಹೆಣ್ಣನ್ನು ನಮ್ಮ ಸಮಾಜ ಕನಿಕರದಿಂದ ಕೇಳುತ್ತದೆ. ‘ಈ ಕಾದಂಬರಿಯನ್ನು ನಾನು ಹೀಗೆ ಕಟ್ಟಿದೆ, ಇದು ನನಗೆ ಸಾಧಿಸಿತು’ ಎಂದು ಅವಳು ನೇರವಾಗಿ ಹೇಳಿದರೆ ಅಹಂಕಾರಿ ಎನ್ನುತ್ತದೆ. ಈ ಅಂಜಿಕೆಯಿಂದ ಎಷ್ಟೋ ಲೇಖಕಿಯರು ತಮ್ಮ ಕಸುಬಿನ ವಿವರವನ್ನು ನುಂಗಿಕೊಂಡಿದ್ದಾರೆ ಎಂದು ನನಗೆ ತೋರುತ್ತದೆ. ಓದುಗರಾದ ನಾವು ಅದನ್ನು ಕೇಳದಿದ್ದರೆ ಮುಂದಿನವರೂ ಬರೆಯುವುದಿಲ್ಲ. ಆದುದರಿಂದ ಆ ಬೇಸರ ಬೇಕಾದ ಬೇಸರವೇ.

ನೀವು ಪುಣೆಯವರಾದ್ದರಿಂದ ಉಮಾ ಕುಲಕರ್ಣಿಯವರ ‘ಸಂವಾದು ಅನುವಾದು’ ಎಂಬ ಮರಾಠಿ ಆತ್ಮಕಥನವನ್ನು ಅವಶ್ಯವಾಗಿ ಓದಬೇಕು. ಬೆಳಗಾವಿಯಲ್ಲಿ ಬೆಳೆದು ಪುಣೆಯಲ್ಲಿ ನೆಲೆಸಿದ ಅವರು ಶಿವರಾಮ ಕಾರಂತ, ಎಸ್.ಎಲ್. ಭೈರಪ್ಪ ಮೊದಲಾದವರನ್ನು ಮರಾಠಿ ಓದುಗರ ಮನೆಮನೆಗೆ ತಲುಪಿಸಿದರು. ಪತಿ ವಿರೂಪಾಕ್ಷ ಕುಲಕರ್ಣಿಯವರು ಕನ್ನಡದ ಪಠ್ಯವನ್ನು ಗಟ್ಟಿಯಾಗಿ ಓದಿ ಧ್ವನಿಮುದ್ರಿಸಿ ಕೊಡುವುದು, ಅದನ್ನು ಕೇಳುತ್ತ ಉಮಾ ಅವರು ಮರಾಠಿಗೆ ತರುವುದು, ಹೀಗೆ ಅವರ ಅನುವಾದದ ಕೆಲಸ ನಡೆಯಿತು. ಇಲ್ಲಿ ದಾಂಪತ್ಯವೂ ಕಸುಬೂ ಒಂದೇ ಮೇಜಿನ ಮುಂದೆ ಕುಳಿತಿವೆ. ನಿಮ್ಮ ಹಿರಿಯರು ಬಯಸುವ ‘ಕೆಲಸದ ಆತ್ಮಕಥೆ’ಗೆ ಇದಕ್ಕಿಂತ ಹತ್ತಿರವಾದುದು ನನಗೆ ತಿಳಿದಿಲ್ಲ.

ಉತ್ತರ: ಮಾಟುಂಗಾದ ಹಳೆಯ ವಾಸಿ, ಮುಂಬಯಿ

ಮರಾಠಿಯ ಮಾತು ಬಂದುದರಿಂದ ಇನ್ನು ಕೆಲವು ಹೆಸರುಗಳು. ಲಕ್ಷ್ಮೀಬಾಯಿ ಟಿಳಕರ ‘ಸ್ಮೃತಿಚಿತ್ರೆ’ 1930ರ ದಶಕದಲ್ಲಿ ಬಿಡಿ ಭಾಗಗಳಾಗಿ ಬಂದ ಪುಸ್ತಕ. ಪತಿ, ಕವಿ ನಾರಾಯಣ ವಾಮನ ಟಿಳಕರು 1895ರಲ್ಲಿ ಮುಂಬಯಿಯಲ್ಲಿ ಕ್ರೈಸ್ತರಾದಾಗ ಲಕ್ಷ್ಮೀಬಾಯಿಯವರು ವರ್ಷಗಟ್ಟಲೆ ಅವರಿಂದ ದೂರವಿರಬೇಕಾಯಿತು. ಅಷ್ಟು ದೊಡ್ಡ ಆಘಾತವನ್ನೂ ಆಕೆ ನಡುಮನೆಯಲ್ಲಿ ಕುಳಿತು ಮಾತನಾಡುವ ಸರಳತೆಯಲ್ಲಿ, ನಗುವನ್ನು ಬಿಡದೆ ಹೇಳುತ್ತಾರೆ.

ಆದರೆ ನನ್ನ ಮನಸ್ಸಿಗೆ ಅತಿ ಹತ್ತಿರವಾದುದು ಊರ್ಮಿಳಾ ಪವಾರರ ‘ಆಯದಾನ್’ (2003). ರತ್ನಾಗಿರಿ ಸೀಮೆಯ ದಲಿತ ಕುಟುಂಬದಲ್ಲಿ, ಬಿದಿರಿನ ಬುಟ್ಟಿ ಹೆಣೆದು ಮಕ್ಕಳನ್ನು ಸಾಕಿದ ತಾಯಿಯ ಮಗಳಾಗಿ ಹುಟ್ಟಿದ ಊರ್ಮಿಳಾ, ಮುಂಬಯಿಗೆ ಬಂದು ನೌಕರಿ, ಸಂಸಾರಗಳ ನಡುವೆ ಎಂ.ಎ. ಓದಿದರು, ಕಥೆ ಬರೆದರು, ಸಭೆಗಳಲ್ಲಿ ಮಾತನಾಡಿದರು. ಹೊರಗೆ ಹೆಸರು ಬಂದಷ್ಟೂ ಮನೆಯೊಳಗೆ ಅಸಮಾಧಾನ ಬೆಳೆಯಿತು. ಅಂಬೇಡ್ಕರ್ ಚಳವಳಿಯಲ್ಲಿ ದುಡಿದ ಮಹಿಳೆಯರ ಬಗ್ಗೆ ಮೀನಾಕ್ಷಿ ಮೂನ್ ಅವರೊಂದಿಗೆ ಪುಸ್ತಕ ಬರೆದ ಈ ಲೇಖಕಿ, ಜಾತಿಯನ್ನು ಪ್ರಶ್ನಿಸುವ ಮನೆಯಲ್ಲೂ ಹೆಂಡತಿಯ ಬರವಣಿಗೆ ಸುಲಭವಾಗಿ ಸಲ್ಲಲಿಲ್ಲವೆಂದು ಹಿಂಜರಿಯದೆ ಬರೆದಿದ್ದಾರೆ. ನಮ್ಮ ಚರ್ಚೆಗಳಲ್ಲಿ ‘ಹೆಣ್ಣಿನ ಅನುಭವ’ ಎಂದು ಒಂದೇ ಮಾತಿನಲ್ಲಿ ಹೇಳಿಬಿಡುವವರು ಈ ಪುಸ್ತಕವನ್ನು ನಿಧಾನವಾಗಿ ಓದಬೇಕು. ಬರೆಯುವ ಹೊತ್ತು ಸಿಗದ ಮಧ್ಯಮವರ್ಗದ ಗೃಹಿಣಿಯ ಕಷ್ಟಕ್ಕೂ, ಅಕ್ಷರದ ಹತ್ತಿರ ಹೋಗುವುದಕ್ಕೇ ತಲೆಮಾರುಗಳು ಬೇಕಾದವರ ಕಷ್ಟಕ್ಕೂ ಅಂತರವಿದೆ.

ಇನ್ನೊಂದು ವಿಷಯ. ಪತಿ, ಮರಾಠಿಯ ಹಾಸ್ಯ ಸಾಹಿತಿ ಪು.ಲ. ದೇಶಪಾಂಡೆಯವರು ಇನ್ನೂ ಬದುಕಿದ್ದಾಗಲೇ, ಇಡೀ ಮಹಾರಾಷ್ಟ್ರ ಅವರನ್ನು ತಲೆಯ ಮೇಲೆ ಹೊತ್ತಿದ್ದಾಗಲೇ, ಸುನೀತಾ ದೇಶಪಾಂಡೆಯವರು 1990ರಲ್ಲಿ ‘ಆಹೇ ಮನೋಹರ್ ತರೀ’ ಪ್ರಕಟಿಸಿ ತಮ್ಮ ದಾಂಪತ್ಯವನ್ನು ನಿಷ್ಠುರವಾಗಿ ಪರೀಕ್ಷಿಸಿದರು. ಹತ್ತಿರದವರು ಓದುತ್ತಾರೆಂದು ತಿಳಿದೂ ಬರೆಯುವ ಧೈರ್ಯವಿದು. ಆ ಧೈರ್ಯ ಬರವಣಿಗೆಯ ಭಾಗವಲ್ಲವೆಂದು ಹೇಗೆ ಹೇಳುವುದು?

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಮಡಗಾಂವ್‌ನವರ ಮಾತನ್ನು ನಮ್ಮ ಹಿರಿಯರಿಗೆ ಓದಿ ಹೇಳಿದೆ. ಉಮಾ ಕುಲಕರ್ಣಿಯವರ ಪುಸ್ತಕವನ್ನು ತಾವೇ ಮಂಡಿಸುವುದಾಗಿ ಅವರು ಒಪ್ಪಿಕೊಂಡಿದ್ದಾರೆ. ಅದಾದ ಮೇಲೆ ‘ಆಯದಾನ್’ ಓದುತ್ತೇವೆ. ಕನ್ನಡದಲ್ಲಿ ಸರಸ್ವತಿಬಾಯಿ ರಾಜವಾಡೆಯವರ ಬದುಕನ್ನು ವೈದೇಹಿಯವರು ನಿರೂಪಿಸಿದ ‘ಮುಂತಾದ ಕೆಲ ಪುಟಗಳು’ ಕೃತಿಯನ್ನೂ ಪಟ್ಟಿಗೆ ಸೇರಿಸಿದ್ದೇನೆ. ಒಬ್ಬ ಲೇಖಕಿಯ ಬದುಕನ್ನು ಇನ್ನೊಬ್ಬ ಲೇಖಕಿ ಕೇಳಿ ಬರೆದಾಗ ಬರವಣಿಗೆಯ ಬಗ್ಗೆ ಏನೇನು ಕೇಳುತ್ತಾರೆ, ಏನನ್ನು ಕೇಳದೆ ಬಿಡುತ್ತಾರೆ ಎಂದು ನೋಡುವ ಆಸೆಯಿದೆ. ಇದನ್ನು ಓದಿದವರಿದ್ದರೆ, ಚರ್ಚೆಗೆ ಯಾವ ಅಧ್ಯಾಯದಿಂದ ತೊಡಗಬಹುದೆಂದು ದಯವಿಟ್ಟು ತಿಳಿಸಿ.