ವೈನಿ, ವೆಬ್‌ಸೈಟ್ ಆಮೇಲೆ, ಮೊದಲು ಫೋಟೊ

ವೈನಿ, ನಮ್ಮ ಮನೆ ಗ್ರೂಪಿನಲ್ಲಿ ನಿಮ್ಮ ಮೆಸೇಜ್ ಬೆಳಿಗ್ಗೆನೇ ನೋಡಿದೆ. ಇಷ್ಟುದ್ದ ಟೈಪ್ ಮಾಡುವ ತಾಳ್ಮೆ ನನಗಿಲ್ಲ. ಫೋನ್ ಮುಂದೆ ಹೇಳ್ತಾ ಹೋಗ್ತೇನೆ, ಅದೇ ಬರೆದುಕೊಳ್ಳುತ್ತೆ. ನಡುವೆ ಕುಕ್ಕರ್ ಸೀಟಿ ಏನಾದರೂ ಅಕ್ಷರವಾಗಿ ಬಂದರೆ ಬಿಟ್ಟು ಓದಿ.

ಇಳಕಲ್‌ನಲ್ಲಿ ಮನೆಯಿಂದಲೇ ಸೀರೆ ಆನ್‌ಲೈನ್ ಮಾರಬೇಕು ಅಂತಿದ್ದೀರಿ. ಒಬ್ಬ ಹುಡುಗ ಬಂದು ವೆಬ್‌ಸೈಟ್‌ಗೆ 25,000 ಕೇಳಿದ್ದಾನೆ. ಮೇಲೆ 2,000 ಕೊಟ್ಟರೆ ಇನ್‌ಸ್ಟಾಗ್ರಾಮ್‌ನಲ್ಲಿ ಹತ್ತು ಸಾವಿರ ಫಾಲೋವರ್ಸ್ ತಂದುಕೊಡ್ತಾನಂತೆ. ಕೊಡಬೇಕಾ ಅಂತ ಕೇಳಿದ್ದೀರಿ.

ಬೇಡ. ಎರಡಕ್ಕೂ ಬೇಡ. ಆ ಹತ್ತು ಸಾವಿರದಲ್ಲಿ ಸೀರೆ ಉಡುವವರು ಹತ್ತು ಜನ ಇರಲಿಕ್ಕಿಲ್ಲ, ಸುಮ್ನೆ ಲೆಕ್ಕಕ್ಕೆ ತುಂಬಿದ ಅಕೌಂಟುಗಳು. ವೆಬ್‌ಸೈಟ್ ಕೆಟ್ಟದ್ದಲ್ಲ, ಆದರೆ ಅದನ್ನು ಮಾಡಿಸಿದ ಮಾತ್ರಕ್ಕೆ ಯಾರೂ ಬರುವುದಿಲ್ಲ. ಜನರನ್ನು ಕರೆತರೋಕೆ ಮತ್ತೆ ಜಾಹೀರಾತಿಗೆ ದುಡ್ಡು ಹಾಕಬೇಕು.

ಜಾಹೀರಾತಿನ ಕಥೆ ನಾನೇ ಅನುಭವಿಸಿದ್ದೇನೆ. ಬೆಳಗಾವಿಯಲ್ಲಿ ನಾನು ಸೀರೆ ಮಾರೋಕೆ ಶುರು ಮಾಡಿದ ಮೊದಲ ವರ್ಷ, ದೀಪಾವಳಿ ಮುಂದೆ, ಒಂದು ಪೋಸ್ಟಿಗೆ 3,000 ಹಾಕಿದೆ. ಫೋನ್ ಟಿಂಗ್ ಟಿಂಗ್ ಅಂತ ಬಡಿದುಕೊಂಡಿದ್ದೇ ಬಡಿದುಕೊಂಡಿದ್ದು. ಅರವತ್ತು ಜನ "ರೇಟ್ ಎಷ್ಟು" ಅಂದರು. ಆರು ಜನ ಆರ್ಡರ್ ಕೊಟ್ಟರು, ಆರೂ ಕ್ಯಾಶ್ ಆನ್ ಡೆಲಿವರಿ. ಅದರಲ್ಲಿ ಎರಡು ವಾಪಸ್ ಬಂದವು. ಒಂದರ ಸೆರಗಿನಲ್ಲಿ ಪಿನ್ ಚುಚ್ಚಿದ ತೂತು, ಮಡಿಕೆ ಬಿಚ್ಚಿದರೆ ಲೋಬಾನದ ವಾಸನೆ. ಯಾರೋ ಪೂಜೆಗೆ ಉಟ್ಟು ಕಳಿಸಿದ್ದರು!

ಲೆಕ್ಕ ನೋಡಿ. ಸೀರೆಗೆ 600 ಉಳಿತಾಯ, ನಿಂತಿದ್ದು ನಾಲ್ಕು, ಅಂದರೆ 2,400. ಜಾಹೀರಾತು 3,000. ಕೊರಿಯರ್ ಒಂದಕ್ಕೆ 90ರಂತೆ ಆರಕ್ಕೆ 540, ವಾಪಸ್ ಬಂದ ಎರಡಕ್ಕೆ ಮತ್ತೆ 180. ಕವರ್, ಟೇಪು ಅಂತ 120. ಒಟ್ಟು ಖರ್ಚು 3,840. ಕೈಯಿಂದ 1,440 ಹೋಯಿತು. ನಾನೋ, ಅರವತ್ತು ಮೆಸೇಜ್ ಬಂತು ಅಂತ ನಿಮ್ಮ ಅಣ್ಣತಮ್ಮಂದಿರ ಹತ್ತಿರವೆಲ್ಲ ಹೇಳಿಕೊಂಡು ತಿರುಗಿದ್ದೆ! ಹಾಗಾಗಿ ಎಷ್ಟು ಲೈಕ್ ಬಂತು ಅಂತ ನೋಡಬೇಡಿ. ಒಂದು ಸೀರೆ ಮಾರೋಕೆ ಜಾಹೀರಾತಿಗೆ ಎಷ್ಟು ಹೋಯಿತು, ಎಷ್ಟು ವಾಪಸ್ ಬಂತು, ಇವೆರಡನ್ನೇ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಈಗ ನಾನು ಹೊಸಬರಿಗೆ ಕ್ಯಾಶ್ ಆನ್ ಡೆಲಿವರಿ ಕೊಡೋದೇ ಇಲ್ಲ. ಬಹಳ ಕೇಳಿದರೆ 200 ಮುಂಗಡ. ಅಷ್ಟಕ್ಕೇ ಅರ್ಧ ಜನ ಸುಮ್ಮನಾಗ್ತಾರೆ. ಆಗಲಿ ಬಿಡಿ.

ಈಗ ನಿಮ್ಮ ಫೋಟೊ. ಬೇಜಾರಾಗಬೇಡಿ ವೈನಿ, ನಿನ್ನೆ ಹಾಕಿದ ದಾಳಿಂಬೆ ಬಣ್ಣದ ಸೀರೆ ಟ್ಯೂಬ್‌ಲೈಟ್ ಬೆಳಕಿನಲ್ಲಿ ಕಾವಿ ಬಣ್ಣ ಕಾಣ್ತಿದೆ. ಹಿಂದೆ ಗೋಡೆ ಮೇಲೆ ಕ್ಯಾಲೆಂಡರ್, ಪಕ್ಕದಲ್ಲಿ ಅಣ್ಣನ ಟವೆಲ್. ಬಣ್ಣ ಬೇರೆ ಬಂತು ಅನ್ನೋದೇ ಸೀರೆ ವಾಪಸ್ ಕಳಿಸೋಕೆ ಎಲ್ಲರೂ ಹೇಳುವ ಕಾರಣ. ಬೆಳಿಗ್ಗೆ ತಲಬಾಗಿಲ ಹತ್ತಿರ ನೆರಳಿನಲ್ಲಿ ತೆಗೆಯಿರಿ, ನೇರ ಬಿಸಿಲು ಬೇಡ, ಫಿಲ್ಟರ್ ಅಂತೂ ಬೇಡವೇ ಬೇಡ. ಒಂದು ಪೂರ್ತಿ ಸೀರೆ, ಒಂದು ಟೋಪ್ ತೆನೆ ವಿನ್ಯಾಸದ ಸೆರಗು, ಒಂದು ದಡಿ ಹತ್ತಿರದಿಂದ. ಇನ್ನೊಂದು ಬಹಳ ಮುಖ್ಯ, ಕೊಂಡಿ. ಒಡಲಿನ ಹಾಸು ನೂಲು, ಸೆರಗಿನ ಹಾಸು ನೂಲು ಒಂದಕ್ಕೊಂದು ಕುಣಿಕೆ ಹಾಕಿ ಸೇರುವ ಜಾಗ ಇದೆಯಲ್ಲ, ಅಲ್ಲಿ ಬೆರಳಿಟ್ಟು ಹದಿನೈದು ಸೆಕೆಂಡಿನ ವಿಡಿಯೊ ಮಾಡಿ. ನಿಮಗೆ ಅದು ದಿನಾ ನೋಡುವ ವಿಷಯ, ಪುಣೆಯವರಿಗೆ ಅದೇ ಇಳಕಲ್ ಸೀರೆಯ ಗುರುತು. ನನ್ನ ಹತ್ತಿರ ಅತಿ ಜಾಸ್ತಿ ಸೀರೆ ಮಾರಿಕೊಟ್ಟ ವಿಡಿಯೊ ಅದೇ, ಅದಕ್ಕೆ ಒಂದು ರೂಪಾಯಿ ಜಾಹೀರಾತು ಹಾಕಿಲ್ಲ. ಹಾಂ, ಪವರ್‌ಲೂಮ್ ಸೀರೆ ಇದ್ದರೆ ಪವರ್‌ಲೂಮ್ ಅಂತಲೇ ಬರೆಯಿರಿ. ಹತ್ತಿಯಾ, ರೇಷ್ಮೆ ಮಿಶ್ರವಾ, ಎಷ್ಟು ಗಜ, ಬ್ಲೌಸ್ ಪೀಸ್ ಇದೆಯಾ, ಎಲ್ಲ ಬರೆಯಿರಿ.

ಹೆಸರಿನದ್ದೂ ಒಂದು ಮಾತಿದೆ. ನಾವು ಇಳಕಲ್ ಅಂತೀವಿ. ಮಹಾರಾಷ್ಟ್ರದವರು ಇರಕಲ್ ಅಂತಾರೆ, ಹುಡುಕುವಾಗಲೂ ಹಾಗೇ ಬರೆದು ಹುಡುಕ್ತಾರೆ. ನೀವು ಒಂದನ್ನೇ ಬರೆದರೆ ಅವರಿಗೆ ನೀವು ಸಿಗೋದೇ ಕಷ್ಟ. ಎರಡನ್ನೂ ಬರೆಯಿರಿ. ಕೊಳ್ಳುವವರು ಬಳಸುವ ಮಾತನ್ನೇ ನಾವೂ ಬಳಸಬೇಕು, ಆ ಹುಡುಗ ಎಸ್‌ಇಒ, ಅಂದರೆ ಗೂಗಲ್‌ನಲ್ಲಿ ಹುಡುಕಿದವರಿಗೆ ನಾವು ಸಿಗೋ ಹಾಗೆ ಮಾಡೋದು, ಅಂತ ದೊಡ್ಡದಾಗಿ ಹೇಳಿದ್ದು ಮುಖ್ಯವಾಗಿ ಇದನ್ನೇ.

ಶುರು ಮಾಡೋಕೆ ವಾಟ್ಸಾಪ್ ಬಿಸಿನೆಸ್ ಸಾಕು, ಪುಕ್ಕಟೆ. ಅದರಲ್ಲಿ ಕ್ಯಾಟಲಾಗ್ ಅಂತ ಇದೆ, ಫೋಟೊ, ರೇಟು ಹಾಕಿಡಬಹುದು. ರೇಟ್ ಬರೆಯದೆ "ಇನ್‌ಬಾಕ್ಸ್‌ಗೆ ಬನ್ನಿ" ಅನ್ನಬೇಡಿ, ನನಗಂತೂ ಸಿಟ್ಟು ಬರುತ್ತೆ. ಗ್ರೂಪ್ ಬದಲು ಬ್ರಾಡ್‌ಕಾಸ್ಟ್ ಲಿಸ್ಟ್ ಮಾಡಿ, ಒಂದೇ ಮೆಸೇಜ್ ಎಲ್ಲರಿಗೂ ಬೇರೆ ಬೇರೆಯಾಗಿ ಹೋಗುತ್ತೆ, ಒಂದರಲ್ಲಿ 256 ಜನ ಹಿಡೀತಾರೆ. ಆದರೆ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಮೆಸೇಜ್ ಮುಟ್ಟುತ್ತೆ. ಅದಕ್ಕೇ ನಾನು ಪ್ರತಿ ಪಾರ್ಸೆಲ್‌ನಲ್ಲಿ ಚೀಟಿ ಇಡ್ತೇನೆ: ನಂಬರ್ ಸೇವ್ ಮಾಡಿ, ಹೊಸ ಸೀರೆ ಮೊದಲು ನಿಮಗೇ ತೋರಿಸ್ತೇನೆ. ಗೂಗಲ್ ಮ್ಯಾಪ್‌ನಲ್ಲಿ ಹೆಸರು ಹಾಕೋದೂ ಪುಕ್ಕಟೆ. ಇಳಕಲ್‌ಗೆ ಬಂದವರು ಸೀರೆ ಎಲ್ಲಿ ಸಿಗುತ್ತೆ ಅಂತ ಅಲ್ಲೇ ನೋಡ್ತಾರೆ.

ಅಮೆಜಾನ್, ಫ್ಲಿಪ್‌ಕಾರ್ಟ್, ಮೀಶೋ ಆರು ತಿಂಗಳು ಬಿಟ್ಟು ನೋಡೋಣ. ಅವುಗಳ ಮೂಲಕ ಮಹಾರಾಷ್ಟ್ರಕ್ಕೆ ಮಾರಬೇಕೆಂದರೆ ಜಿಎಸ್‌ಟಿ ನಂಬರ್ ಬೇಕೇ ಬೇಕು. ರಾಜ್ಯದೊಳಗೆ ಮಾತ್ರ ಮಾರುವ ಸಣ್ಣ ವ್ಯಾಪಾರಿಗಳಿಗೆ 2023ರ ಅಕ್ಟೋಬರ್ 1ರಿಂದ ವಿನಾಯಿತಿ ಕೊಟ್ಟಿದ್ದಾರೆ, ಆದರೂ ಜಿಎಸ್‌ಟಿ ಪೋರ್ಟಲ್‌ನಲ್ಲಿ ಎನ್‌ರೋಲ್‌ಮೆಂಟ್ ನಂಬರ್ ತಗೋಬೇಕು. ನಮ್ಮ ಗಿರಾಕಿ ಜಾಸ್ತಿ ಆ ಕಡೆಯವರೇ, ಹಾಗಾಗಿ ಅಣ್ಣ ಒಮ್ಮೆ ಸಿಎ ಹತ್ತಿರ ಕೇಳಿಕೊಂಡು ಬರಲಿ. ನಿಮ್ಮ ಮಗ್ಗದವರಿಗೆ ಇನ್ನೊಂದು ಹೇಳಿ. ಕೇಂದ್ರ ಜವಳಿ ಸಚಿವಾಲಯದ್ದೇ ಇಂಡಿಯಾ ಹ್ಯಾಂಡ್‌ಮೇಡ್ ಅಂತ ಪೋರ್ಟಲ್ ಇದೆ, ನೇಕಾರರು ನೇರವಾಗಿ ಮಾರಬಹುದು.

ಮರೆಯೋ ಮುಂಚೆ. ಸ್ವಲ್ಪ ದಿನದಲ್ಲಿ ನಿಮಗೊಂದು ಫೋನ್ ಬರುತ್ತೆ: "ಆರ್ಮಿಯಿಂದ ಮಾತಾಡ್ತಿದ್ದೇನೆ, ಇಪ್ಪತ್ತು ಸೀರೆ ಬೇಕು, ಕ್ಯೂಆರ್ ಕಳಿಸಿದ್ದೇನೆ, ಸ್ಕ್ಯಾನ್ ಮಾಡಿ ಪಿನ್ ಒತ್ತಿ, ದುಡ್ಡು ಬರುತ್ತೆ." ಕಟ್ ಮಾಡಿ. ದುಡ್ಡು ಬರೋಕೆ ಯುಪಿಐ ಪಿನ್ ಒತ್ತುವುದೇ ಬೇಕಿಲ್ಲ, ಪಿನ್ ಒತ್ತಿದರೆ ನಮ್ಮದೇ ಹೋಗುತ್ತೆ. ಸ್ಕ್ರೀನ್‌ಶಾಟ್ ನೋಡಿ ಪಾರ್ಸೆಲ್ ಕೊಡಬೇಡಿ, ಬ್ಯಾಂಕಿನಲ್ಲಿ ದುಡ್ಡು ಬಿದ್ದಿದೆಯಾ ನೋಡಿ. ಮೋಸ ಆಗೇ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಪಂಚಮಿಗೆ ತವರಿಗೆ ಬರ್ತೇನಲ್ಲ, ಉಂಡಿ ಕಟ್ಟುವ ಕೆಲಸ ಮುಗಿದ ಮೇಲೆ ಇಬ್ಬರೂ ಕೂತು ಹತ್ತು ಸೀರೆ ಫೋಟೊ ತೆಗೆಯೋಣ. ಆ ದಾಳಿಂಬೆ ಬಣ್ಣದ್ದು ಯಾರಿಗೂ ಕೊಡಬೇಡಿ, ನನಗಿರಲಿ, ದುಡ್ಡು ಕೊಟ್ಟೇ ತಗೊಳ್ತೇನೆ.

ಇನ್ನೊಂದು. ಅಣ್ಣ ಈ ಗ್ರೂಪಿನಲ್ಲೇ ಇದ್ದಾನೆ, ನಿಮ್ಮ ಮೆಸೇಜ್ ಓದಿದ್ದಾನೆ, ಬೆಳಿಗ್ಗೆಯಿಂದ ಒಂದು ಮಾತೂ ಆಡಿಲ್ಲ. ಆ ಹುಡುಗನಿಗೆ ಅಡ್ವಾನ್ಸ್ ಏನಾದರೂ ಕೊಟ್ಟುಬಿಟ್ಟಿದ್ದಾನಾ?