ಫು ಮಿ ಬಂದರಿನಿಂದ ಮೆಕಾಂಗ್ ಡೆಲ್ಟಾ: ಕಾರು ಮಾಡಿಕೊಂಡು ಒಂದೇ ದಿನದಲ್ಲಿ ಹೋಗಿ ಬಂದವರಿದ್ದೀರಾ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಜನವರಿಯಲ್ಲಿ ಸಿಂಗಾಪುರದಿಂದ ಕ್ರೂಸ್ ಹೊರಡುತ್ತಿದ್ದೇವೆ. ನಾನು, ನಮ್ಮ ಯಜಮಾನರು, 68 ವರ್ಷದ ಅತ್ತೆ, 11 ವರ್ಷದ ಮಗಳು. ಹಡಗು ವಿಯೆಟ್ನಾಂನ ಫು ಮಿ ಬಂದರಿನಲ್ಲಿ ಒಂದು ದಿನ ನಿಲ್ಲುತ್ತದೆ. ಬೆಳಿಗ್ಗೆ 7ಕ್ಕೆ ತಲುಪುತ್ತದೆ, ಸಂಜೆ 5:30ರೊಳಗೆ ಎಲ್ಲರೂ ವಾಪಸ್ ಹತ್ತಿರಬೇಕು. ಮಗಳಿಗೆ ಮೆಕಾಂಗ್ ನದಿ ನೋಡಲೇಬೇಕಂತೆ. ಹಡಗಿನವರ ಟೂರ್ ಇದೆ, ಆದರೆ ದೊಡ್ಡ ಬಸ್ಸು, ಸುಮಾರು 40 ಜನ. ಅತ್ತೆಯವರಿಗೆ ಆ ಓಟ ಕಷ್ಟ. ನಮಗಾಗಿಯೇ ಒಂದು ಕಾರು, ಒಬ್ಬ ಗೈಡ್ ಮಾಡಿಕೊಂಡರೆ ಹೇಗೆ? ತಡವಾಗಿ ಹಡಗು ತಪ್ಪಿಹೋದರೆ ಅನ್ನೋ ಭಯ ಇದೆ. ನಾವು ಸಸ್ಯಾಹಾರಿಗಳು ಬೇರೆ. ಹೋಗಿ ಬಂದವರು ದಯವಿಟ್ಟು ಹೇಳಿ.

ಅಪ್ಪ ಅಮ್ಮನ ಜೊತೆ ಹೋಗಿದ್ದವರು

ಹೋಗಿ ಬನ್ನಿ ಮೇಡಂ. ನಾವು ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗಿದ್ದೆವು, ಇಬ್ಬರೂ 70 ದಾಟಿದವರು. ಆದರೆ ಮೊದಲು ಗಂಟೆಯ ಲೆಕ್ಕ ಹಾಕಿ, ಆಮೇಲೆ ಜಾಗ ಆರಿಸಿ.

ಹಡಗು ನಿಲ್ಲುವುದು ಕಂಟೇನರ್ ಬಂದರಿನಲ್ಲಿ. ಇಳಿದು ನಡೆದುಕೊಂಡು ಹೋಗಿ ನೋಡುವಂಥದ್ದು ಸುತ್ತಮುತ್ತ ಏನೂ ಇಲ್ಲ. ಹೋ ಚಿ ಮಿನ್ ನಗರ, ಅಂದರೆ ಹಳೆಯ ಸೈಗಾನ್, ಅಲ್ಲಿಂದ ಸುಮಾರು 70 ಕಿ.ಮೀ. ಡೆಲ್ಟಾ, ಅಂದರೆ ಮೆಕಾಂಗ್ ಕವಲೊಡೆದು ಕಡಲು ಸೇರುವ ತಗ್ಗು ನೆಲ, ಇರುವುದು ನಗರದ ಆಚೆ ಬದಿಗೆ. ಡೆಲ್ಟಾದ ಹತ್ತಿರದ ಊರು ಮಿ ಥೋ, ಅದು ನಗರದಿಂದ ಮತ್ತೆ 70 ಕಿ.ಮೀ. ಬಂದರಿನ ಹೆದ್ದಾರಿಯಲ್ಲಿ ಕಂಟೇನರ್ ಲಾರಿಗಳು ಜಾಸ್ತಿ. ಒಂದು ಕಡೆಗೆ ಎರಡೂವರೆಯಿಂದ ಮೂರು ಗಂಟೆ ಹಿಡಿಯುತ್ತದೆ.

ಇನ್ನೊಂದು ವಿಷಯ. 2025ರ ಜುಲೈನಲ್ಲಿ ಅಲ್ಲಿ ಪ್ರಾಂತ್ಯಗಳನ್ನು ಒಟ್ಟು ಸೇರಿಸಿದರು. ಫು ಮಿ ಈಗ ಕಾಗದದಲ್ಲಿ ಹೋ ಚಿ ಮಿನ್ ನಗರಕ್ಕೇ ಸೇರಿದೆ. ವಿಳಾಸ ನೋಡಿ ಬಂದರು ನಗರದೊಳಗೇ ಇದೆ ಅಂದುಕೊಳ್ಳಬೇಡಿ. ದಾರಿ ಒಂದು ಕಿಲೋಮೀಟರೂ ಕಮ್ಮಿ ಆಗಿಲ್ಲ.

ಈಗ ನಿಮ್ಮ ದಿನ ನೋಡೋಣ. 7ಕ್ಕೆ ಹಡಗು ಬಂದರೂ ನೀವು ಕಾರು ಹತ್ತುವಾಗ 7:45 ಆಗುತ್ತದೆ. ಮಿ ಥೋ ತಲುಪುವಾಗ 10:30. ವಾಪಸ್ ಬಂದರಿಗೆ 4:30ಕ್ಕೆ ಬರಬೇಕಾದರೆ 1:30ಕ್ಕೆ ಅಲ್ಲಿಂದ ಹೊರಡಲೇಬೇಕು. ಕೈಗೆ ಸಿಗುವುದು ಮೂರು ಗಂಟೆ, ಊಟವೂ ಅದರಲ್ಲೇ. ಹಾಗಾಗಿ ದೇವಸ್ಥಾನ, ಕ್ಯಾಂಡಿ ಮಾಡುವ ಜಾಗ, ಜೇನು ಸಾಕುವ ಜಾಗ, ಹಾಡು, ಮಾರ್ಕೆಟ್ ಅಂತ ಉದ್ದ ಪಟ್ಟಿ ಕೊಡುವವರನ್ನು ಬಿಟ್ಟುಬಿಡಿ. ತೇಲುವ ಸಂತೆ, ಅಂದರೆ ನದಿಯಲ್ಲಿ ದೋಣಿಗಳ ಮೇಲೆಯೇ ನಡೆಯುವ ಸಂತೆ, ತೋರಿಸುತ್ತೇನೆ ಅಂದರಂತೂ ಮಾತು ಅಲ್ಲಿಗೇ ನಿಲ್ಲಿಸಿ. ಹೆಸರಾದ ಕೈ ರಾಂಗ್ ಸಂತೆ ಕಾನ್ ಥೋ ನಗರದ ಹತ್ತಿರ ಇದೆ. ಸೈಗಾನ್‌ನಿಂದಲೇ ಸುಮಾರು 170 ಕಿ.ಮೀ. ಅದೂ ಬೆಳಗಿನ ಜಾವದ ಸಂತೆ. ಹಿಂದಿನ ರಾತ್ರಿ ಅಲ್ಲೇ ಉಳಿದವರಿಗೆ ಸರಿ, ಹಡಗಿನಿಂದ ಬರುವವರಿಗೆ ಆಗದ ಮಾತು.

ನಾವು ಮಾಡಿದ್ದು ಎರಡೇ ಕೆಲಸ, ನದಿ ಮತ್ತು ಊಟ. ಮಿ ಥೋದಲ್ಲಿ ಮೋಟಾರ್ ದೋಣಿ ಹತ್ತಿದೆವು. ಅಲ್ಲಿ ಹರಿಯುವುದು ಮೆಕಾಂಗ್‌ನ ಉತ್ತರದ ಕವಲು, ತಿಯೆನ್ ಅಂತ ಹೆಸರು. ಟಿಬೆಟ್ ಪ್ರಸ್ಥಭೂಮಿಯಲ್ಲಿ ಹುಟ್ಟಿ, ಆರು ದೇಶಗಳಲ್ಲಿ ಹರಿದು, 4,000 ಕಿ.ಮೀ.ಗೂ ಜಾಸ್ತಿ ದೂರದಿಂದ ಬಂದ ನೀರು. ಹೊತ್ತು ತಂದ ಮಣ್ಣಿನಿಂದ ಹಾಲು ಹಾಕಿದ ಚಹಾದ ಬಣ್ಣ. ಆ ಮಣ್ಣೇ ಕೂತು ಕೂತು ಈ ನೆಲ ಆಗಿರುವುದು. ವಿಯೆಟ್ನಾಂ ಬೆಳೆಯುವ ಭತ್ತದಲ್ಲಿ ಅರ್ಧಕ್ಕಿಂತ ಜಾಸ್ತಿ ಈ ಡೆಲ್ಟಾದ್ದೇ. ನಿಮ್ಮ ಮಗಳು ನಕ್ಷೆ ತಂದರೆ ದೋಣಿಯಲ್ಲೇ ಕೂತು ತೋರಿಸಿ, ಚೆನ್ನಾಗಿರುತ್ತದೆ.

ನದಿಯ ಮಧ್ಯೆ ನಾಲ್ಕು ದ್ವೀಪಗಳಿವೆ. ಹೆಚ್ಚಿನ ಬಸ್ಸಿನವರು ಥೋಯ್ ಸೋನ್ ದ್ವೀಪಕ್ಕೆ ಹೋಗುತ್ತಾರೆ. ನಮ್ಮ ಗೈಡ್ ಅದನ್ನು ದಾಟಿಸಿ ಎದುರು ದಡದ ಬೆನ್ ಟ್ರೆ ಕಡೆಗೆ ಕರೆದುಕೊಂಡು ಹೋದರು. ಅಷ್ಟರಲ್ಲಿ ಡ್ರೈವರ್ ಕಾರನ್ನು ರಾಕ್ ಮಿಯು ಸೇತುವೆ ದಾಟಿಸಿ ಆ ಕಡೆ ತಂದು ನಿಲ್ಲಿಸಿದ್ದರು. ಹೋದ ದಾರಿಯಲ್ಲೇ ದೋಣಿಯಲ್ಲಿ ವಾಪಸ್ ಬರುವ ಕೆಲಸ ಇಲ್ಲ. ಖಾಸಗಿ ಕಾರು ಮಾಡಿಕೊಂಡಿದ್ದಕ್ಕೆ ನಮಗೆ ಸಿಕ್ಕ ನಿಜವಾದ ಲಾಭ ಇದೇ.

ಬೆನ್ ಟ್ರೆಯ ಕಾಲುವೆಯಲ್ಲಿ ಹುಟ್ಟು ಹಾಕುವ ಕಿರುದೋಣಿ. ಮುಂದೆ ಒಬ್ಬ ಹೆಂಗಸು, ಹಿಂದೆ ಒಬ್ಬರು, ನಡುವೆ ನಾವು. ಎರಡೂ ಬದಿಯಲ್ಲಿ ನೀರಿನಿಂದಲೇ ಎದ್ದ ಎತ್ತರದ ಗರಿಗಳು. ಅವರ ಭಾಷೆಯಲ್ಲಿ ಆ ಗಿಡದ ಹೆಸರಿಗೆ ನೀರುತೆಂಗು ಅಂತಲೇ ಅರ್ಥವಂತೆ. ಆ ಗರಿಯಿಂದ ಮನೆಯ ಮಾಡು ಹೊದಿಸುತ್ತಾರೆ. ಮೇಲೆ ಗರಿಗಳು ಒಂದಕ್ಕೊಂದು ತಾಗಿ ಬಿಸಿಲೇ ಬೀಳುವುದಿಲ್ಲ. ಹುಟ್ಟು ನೀರಿಗೆ ಬೀಳುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಅಮ್ಮ ಅರ್ಧ ಗಂಟೆ ಒಂದು ಮಾತೂ ಆಡಲಿಲ್ಲ, ಸುಮ್ನೆ ಕೈ ನೀರಲ್ಲಿ ಇಳಿಬಿಟ್ಟು ಕೂತಿದ್ದರು. ಆರು ಗಂಟೆ ಕಾರಿನಲ್ಲಿ ಕೂತದ್ದಕ್ಕೆ ನನಗೆ ಆ ಅರ್ಧ ಗಂಟೆ ಸಾಕು.

ಇದಕ್ಕೂ ಒಂದು ಲೆಕ್ಕ ಇದೆ. ಕಡಲಿನ ಉಬ್ಬರ ಇಳಿತ ಈ ಕಾಲುವೆಗಳ ತನಕ ಬರುತ್ತದೆ. ಇಳಿತದ ಹೊತ್ತಿಗೆ ಹೋದರೆ ನೀರು ಕಮ್ಮಿಯಾಗಿ ಕೆಸರು ಕಾಣುತ್ತದೆ, ಸಣ್ಣ ಕಾಲುವೆಯಲ್ಲಿ ದೋಣಿ ತಳ ತಾಗುತ್ತದೆ. ಬುಕ್ ಮಾಡುವ ಮುಂಚೆ ಗೈಡ್‌ಗೆ ಕೇಳಿ: ಆ ದಿನ 11ರಿಂದ 12ರ ಹೊತ್ತಿಗೆ ಕಾಲುವೆಯಲ್ಲಿ ನೀರು ಇರುತ್ತದಾ? ಇದಕ್ಕೆ ಸರಿಯಾಗಿ ಉತ್ತರ ಕೊಡುವವರು ಕೆಲಸ ಬಲ್ಲವರು. ನಾವು ಗೈಡ್ ಆರಿಸಿದ್ದು ಹೀಗೆಯೇ.

ಹಡಗು ತಪ್ಪುವುದರಲ್ಲಿದ್ದವರು

ಮೇಲಿನವರು ಹೇಳಿದ ಗಂಟೆ ಲೆಕ್ಕಕ್ಕೆ ನನ್ನದೊಂದು ಮಾತು ಸೇರಿಸುತ್ತೇನೆ. ದಯವಿಟ್ಟು ಗಮನ ಕೊಡಿ.

ಸಿಂಗಾಪುರದ ಗಡಿಯಾರ ವಿಯೆಟ್ನಾಂಗಿಂತ ಒಂದು ಗಂಟೆ ಮುಂದೆ. ಕೆಲವು ಹಡಗುಗಳು ಗಡಿಯಾರ ಬದಲಿಸುವುದಿಲ್ಲ, ಸಿಂಗಾಪುರದ ಸಮಯದಲ್ಲೇ ನಡೆಯುತ್ತವೆ. ನಿಮ್ಮ ಫೋನ್ ಮಾತ್ರ ದಡಕ್ಕೆ ಬಂದ ಕೂಡಲೇ ತಾನೇ ಬದಲಾಗುತ್ತದೆ. ಆಗ ಹಡಗಿನ 5:30 ಅಂದರೆ ಫೋನಿನಲ್ಲಿ 4:30! ನಿಮ್ಮ ಹಡಗಿನಲ್ಲಿ ಯಾವ ಸಮಯ ಅಂತ ಹಿಂದಿನ ರಾತ್ರಿಯೇ ಕೇಳಿ. ಹಡಗಿನ ಸಮಯಕ್ಕೆ ಇಟ್ಟ ಕೈಗಡಿಯಾರ ಒಂದು ಕಟ್ಟಿಕೊಳ್ಳಿ. ಗೈಡ್‌ಗೆ ಮಾತ್ರ ಯಾವಾಗಲೂ ಅಲ್ಲಿನ ಸಮಯವನ್ನೇ ಹೇಳಿ.

ನಮಗೆ ಗಡಿಯಾರದ ಗೊಂದಲ ಆಗಲಿಲ್ಲ, ಆಸೆ ಜಾಸ್ತಿ ಆಯಿತು. ಬುಕ್ ಮಾಡಿಕೊಟ್ಟ ಏಜೆಂಟ್ ಡೆಲ್ಟಾ ಮುಗಿಸಿ ವಾಪಸ್ ಬರುವಾಗ ಸೈಗಾನ್ ನಗರ ಸುತ್ತಾಟವನ್ನೂ ಸೇರಿಸಿದ್ದರು. ನಾವೂ ಒಪ್ಪಿದೆವು. ನಗರದಿಂದ ಹೊರಗೆ ಬರುವುದಕ್ಕೇ ಒಂದು ಗಂಟೆ ಹೋಯಿತು. ಆಮೇಲೆ ಹೆದ್ದಾರಿಯಲ್ಲಿ ಯಾವುದೋ ಲಾರಿ ಕೆಟ್ಟು ನಿಂತಿತ್ತು. ಹಡಗಿನ ಏಣಿ ಹತ್ತಿದ್ದು ಕೊನೆಯ ಹೊತ್ತಿಗೆ ಹತ್ತೇ ನಿಮಿಷ ಇರುವಾಗ. ನನ್ನ ಹೆಂಡತಿ ಕಾರಿನಲ್ಲಿ ಅಳುತ್ತಾ ಕೂತಿದ್ದಳು. ಆ ದಿನ ನೋಡಿದ ನದಿ ಅವಳಿಗೆ ಈಗ ನೆನಪೇ ಇಲ್ಲ, ಆ ರಸ್ತೆ ಮಾತ್ರ ನೆನಪಿದೆ.

ಹಡಗಿನವರ ಟೂರಿನ ಬಸ್ಸು ತಡವಾದರೆ ಹಡಗು ಕಾಯುತ್ತದೆ. ನಿಮ್ಮ ಖಾಸಗಿ ಕಾರಿಗೆ ಕಾಯುವುದಿಲ್ಲ. ಹಡಗಿನಲ್ಲಿ ದಿನಾ ಕೊಡುವ ಕಾರ್ಯಕ್ರಮದ ಹಾಳೆಯಲ್ಲಿ ಪೋರ್ಟ್ ಏಜೆಂಟ್, ಅಂದರೆ ಆ ಬಂದರಿನಲ್ಲಿ ಹಡಗಿನ ಪರವಾಗಿ ಇರುವವರ ಫೋನ್ ನಂಬರ್ ಇರುತ್ತದೆ, ಅದರ ಫೋಟೋ ತೆಗೆದು ಇಟ್ಟುಕೊಳ್ಳಿ. ಪಾಸ್‌ಪೋರ್ಟ್ ಹಡಗಿನವರ ಹತ್ತಿರ ಇದ್ದರೆ ಅದರ ಮತ್ತು ವೀಸಾದ ಜೆರಾಕ್ಸ್ ಜೊತೆಗಿರಲಿ. ಅತ್ತೆಯವರ ಮಾತ್ರೆಗಳು ಎರಡು ದಿನಕ್ಕಾಗುವಷ್ಟು ಕೈಚೀಲದಲ್ಲಿರಲಿ.

ಬಂದರಿನ ಬಗ್ಗೆ: ಫು ಮಿ ಅಂದರೆ ಒಂದೇ ಗೇಟ್ ಅಲ್ಲ. ಬಂದರು ಇರುವ ನದಿಯ ಉದ್ದಕ್ಕೂ ಹಲವು ಟರ್ಮಿನಲ್‌ಗಳಿವೆ. ನಿಮ್ಮ ಹಡಗು ಯಾವುದಕ್ಕೆ ಬರುತ್ತದೆ ಅಂತ ಗೈಡ್ ಖಚಿತ ಮಾಡಿಕೊಂಡಿರಬೇಕು. ಕಾರಿಗೆ ಒಳಗೆ ಬರುವ ಅನುಮತಿ ಇದೆಯಾ, ಇಲ್ಲ ನೀವು ಶಟಲ್ ಬಸ್ಸಿನಲ್ಲಿ ಗೇಟಿಗೆ ಬರಬೇಕಾ ಅಂತಲೂ ಕೇಳಿ. ಒಳಗೆ ಲಾರಿ, ಕ್ರೇನ್ ಓಡಾಡುತ್ತಿರುತ್ತವೆ, ನಡೆದುಕೊಂಡು ಹೋಗಲು ಬಿಡುವುದಿಲ್ಲ.

ವೀಸಾ ಮತ್ತು ದುಡ್ಡು

ಚಿಕ್ಕದಾಗಿ ಹೇಳುತ್ತೇನೆ. ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ವೀಸಾ ಬೇಕು. ಇ-ವೀಸಾ ಒಂದು ಸಲದ ಪ್ರವೇಶಕ್ಕೆ 25 ಡಾಲರ್, ಹಲವು ಸಲದ್ದಕ್ಕೆ 50. ಅರ್ಜಿಯಲ್ಲಿ ಯಾವ ಬಂದರಿನಿಂದ ಒಳಗೆ ಬರುತ್ತೀರಿ ಅಂತ ಆರಿಸಬೇಕು. ಹಡಗು ವಿಯೆಟ್ನಾಂನ ಬೇರೆ ಊರುಗಳಲ್ಲೂ ನಿಲ್ಲುವುದಾದರೆ ಯಾವ ವೀಸಾ, ಯಾವ ಬಂದರು ಅಂತ ಕ್ರೂಸ್ ಕಂಪನಿಗೆ ಇಮೇಲ್ ಮಾಡಿ ಉತ್ತರ ತರಿಸಿಕೊಳ್ಳಿ. ಫೋನಿನಲ್ಲಿ ಹೇಳಿದ್ದನ್ನು ನಂಬಿ ಕೂರಬೇಡಿ.

ನೋಟಿನಲ್ಲಿ ಜಾಗ್ರತೆ. 20,000 ಡಾಂಗ್ ನೋಟೂ ನೀಲಿ, 5,00,000 ಡಾಂಗ್ ನೋಟೂ ನೀಲಿ. ದೋಣಿಯ ಹೆಂಗಸಿಗೆ ಕೊಡಲು ಅಂತ ನಾನು ಅವಸರದಲ್ಲಿ ತೆಗೆದದ್ದು ದೊಡ್ಡ ನೋಟು. ಅವರೇ ತಡೆದು, ಸೊನ್ನೆಗಳನ್ನು ಬೆರಳಿಟ್ಟು ತೋರಿಸಿ ವಾಪಸ್ ಕೊಟ್ಟರು. ಅವರಿಗೆ ನಾನು ತುಂಬಾ ಋಣಿ. ಎರಡನ್ನೂ ಬೇರೆ ಬೇರೆ ಜೇಬಿನಲ್ಲಿಡಿ.

ಜನವರಿ ಒಣ ಹವೆಯ ಕಾಲ, ಒಳ್ಳೆಯ ಸಮಯ. ಆದರೆ ಅವರ ಹೊಸ ವರ್ಷದ ಹಬ್ಬ ತೆತ್ ಜನವರಿ ಕೊನೆಗೋ ಫೆಬ್ರವರಿಯಲ್ಲೋ ಬರುತ್ತದೆ. ಹಬ್ಬದ ಹಿಂದುಮುಂದು ದಿನಗಳಲ್ಲಿ ರಸ್ತೆ ತುಂಬಿ ತುಳುಕುತ್ತದೆ. ನಿಮ್ಮ ತಾರೀಖು ಒಮ್ಮೆ ನೋಡಿಕೊಳ್ಳಿ.

ಸಸ್ಯಾಹಾರಿ ಕುಟುಂಬ

ಊಟದ ಬಗ್ಗೆ ಹೆದರಬೇಡಿ. ಅಲ್ಲಿ ಬೌದ್ಧರು ಚಾಂದ್ರಮಾನ ತಿಂಗಳ 1 ಮತ್ತು 15ನೇ ದಿನ ಮಾಂಸ ಮುಟ್ಟದಿರುವ ರೂಢಿ ಇದೆ. ‘ಅನ್ ಚಾಯ್’ ಅಂದರೆ ಯಾರಿಗಾದರೂ ಅರ್ಥ ಆಗುತ್ತದೆ. ಆದರೂ ಮೀನಿನ ಸಾರದ ‘ನುಕ್ ಮಾಮ್’ ಬೇಡ ಅಂತ ಬೇರೆಯಾಗಿಯೇ ಹೇಳಿಸಿ, ಅಭ್ಯಾಸ ಬಲದಲ್ಲಿ ಹಾಕಿಬಿಡುತ್ತಾರೆ. ಬುಕ್ ಮಾಡುವಾಗಲೇ ತಿಳಿಸಿ. ಡೆಲ್ಟಾದಲ್ಲಿ ಪ್ರವಾಸಿಗಳಿಗೆ ಕೊಡುವ ಊಟದ ಮುಖ್ಯ ಪದಾರ್ಥ ಇಡೀ ಕರಿದ ಮೀನು, ಮೇಜಿನ ಮಧ್ಯೆ ನಿಲ್ಲಿಸಿಯೇ ತಂದಿಡುತ್ತಾರೆ. ನಮ್ಮ ತಾಯಿ ಅದನ್ನು ನೋಡಿ ಊಟ ಬಿಟ್ಟು ಎದ್ದರು. ನಾವು ಹೇಳಿರಲಿಲ್ಲ, ತಪ್ಪು ನಮ್ಮದೇ. ಆಮೇಲೆ ಅವರು ತೋಫು, ಸೊಪ್ಪು, ಅಕ್ಕಿ ಹಾಳೆ ತಂದು ಸುತ್ತಿಕೊಟ್ಟರು, ಚೆನ್ನಾಗಿತ್ತು. ಚಕೋತ, ರಂಬುಟಾನ್ ಹಣ್ಣು ಸಿಕ್ಕರೆ ಬಿಡಬೇಡಿ. ಬೆನ್ ಟ್ರೆಯ ತೆಂಗಿನ ಕ್ಯಾಂಡಿಗೆ ಸುತ್ತಿರುವ ತೆಳು ಒಳಹಾಳೆ ಅಕ್ಕಿಯದು, ಅದನ್ನೂ ತಿನ್ನಬಹುದು. ಮಗಳಿಗೆ ಹೇಳಿ, ಖುಷಿಪಡುತ್ತಾಳೆ.

ಬೇರೆ ಅಭಿಪ್ರಾಯ ಇರುವವರು

ಎಲ್ಲರೂ ಹೋಗಿ ಅನ್ನುತ್ತಿದ್ದಾರೆ, ನಾನು ಬೇರೆ ಹೇಳುತ್ತೇನೆ. 68ರ ಹಿರಿಯರನ್ನು ಒಂದೇ ದಿನ ಆರು ಗಂಟೆ ಕಾರಿನಲ್ಲಿ ಕೂರಿಸುವುದು ಅವರಿಗೆ ಖುಷಿಯಾ, ನಮಗೆ ಖುಷಿಯಾ? ಮೊದಲು ಅವರನ್ನೇ ಕೇಳಿ. ನಾವು ಎರಡು ಗುಂಪಾದೆವು. ಗಂಡ ಮತ್ತು ಮಗ ಡೆಲ್ಟಾಕ್ಕೆ ಹೋದರು. ನಾನು ಅಮ್ಮನನ್ನು ಕರೆದುಕೊಂಡು ವುಂಗ್ ತಾವ್‌ಗೆ ಹೋದೆ. ಬಂದರಿನಿಂದ ಸುಮಾರು 40 ಕಿ.ಮೀ., ಕಡಲ ತೀರದ ಊರು. ದಡದಲ್ಲಿ ಕೂತು ಎಳನೀರು ಕುಡಿದು, ಮಧ್ಯಾಹ್ನದ ಹೊತ್ತಿಗೆ ಹಡಗಿಗೆ ಬಂದು ಮಲಗಿದೆವು. ಅಮ್ಮ ಇಂದಿಗೂ ಆ ದಿನ ನೆನೆಸಿಕೊಳ್ಳುತ್ತಾರೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಗಡಿಯಾರದ ವಿಷಯ ನಮಗೆ ಹೊಳೆದೇ ಇರಲಿಲ್ಲ. ಅತ್ತೆಯವರನ್ನು ಕೇಳಿದೆ. ‘ನಾನೂ ಬರ್ತೀನಿ, ನನ್ನ ಬಿಟ್ಟು ಹೋಗ್ಬೇಡಿ’ ಅಂದರು. ಒಂದೇ ಚಿಂತೆ, ಅವರಿಗೆ ಮಂಡಿನೋವು ಇದೆ. ಕಿರುದೋಣಿಗೆ ಹತ್ತುವುದು ಹೇಗೆ?

ಅಪ್ಪ ಅಮ್ಮನ ಜೊತೆ ಹೋಗಿದ್ದವರು

ಅಪ್ಪನಿಗೂ ಮಂಡಿನೋವು ಇತ್ತು. ಕಷ್ಟ ಆಗಿದ್ದು ಆ ಒಂದು ಕಡೆ ಮಾತ್ರ. ದೋಣಿ ದಡದ ಮೆಟ್ಟಿಲಿಗಿಂತ ಕೆಳಗಿರುತ್ತದೆ, ಕಾಲಿಟ್ಟಾಗ ಅಲುಗಾಡುತ್ತದೆ. ಕೂರುವ ಹಲಗೆಯೂ ತುಂಬಾ ತಗ್ಗು. ಗೈಡ್ ಮೊದಲು ಇಳಿದು ಕೆಳಗಿನಿಂದ ಕೈ ಹಿಡಿದರು, ಮೇಲಿನಿಂದ ನಾನು ತೋಳು ಹಿಡಿದೆ. ನೀರು ಏರಿದ್ದಾಗ ಆ ಎತ್ತರವೂ ಕಮ್ಮಿ ಇರುತ್ತದೆ, ಅದಕ್ಕೇ ಮತ್ತೆ ಹೇಳುತ್ತಿದ್ದೇನೆ, ನೀರಿನ ಹೊತ್ತು ಕೇಳಿ. ಅತ್ತೆಯವರನ್ನು ನಡುವೆ ಕೂರಿಸಿ, ಲೈಫ್ ಜಾಕೆಟ್ ದಡದಲ್ಲೇ ಹಾಕಿಸಿ. ಒಂದು ವೇಳೆ ಆಗದಿದ್ದರೆ ಮೋಟಾರ್ ದೋಣಿಯಲ್ಲೇ ಕೂತಿರಬಹುದು, ಅದರಲ್ಲಿ ಬೆನ್ನಿರುವ ಕುರ್ಚಿ, ಮೇಲೆ ನೆರಳು ಎರಡೂ ಇತ್ತು. ದಾರಿಯಲ್ಲಿ ಪ್ರತಿ ಗಂಟೆಗೊಮ್ಮೆ ಐದು ನಿಮಿಷ ಕಾರು ನಿಲ್ಲಿಸಲು ಡ್ರೈವರ್‌ಗೆ ಮೊದಲೇ ಹೇಳಿಬಿಡಿ.

ಗೈಡ್ ನೀರಿನ ಹೊತ್ತು ಏನು ಹೇಳಿದರು ಅಂತ ಇಲ್ಲೂ ಹಾಕಿ. ಅದೇ ತಿಂಗಳು ನಮ್ಮ ಚಿಕ್ಕಮ್ಮನೂ ಹೋಗುತ್ತಿದ್ದಾರೆ.