ಎಂಜಿನ್ ಇಲ್ಲದ ಗ್ಲೈಡರ್ ಮೇಲಕ್ಕೇರುವುದು ಹೇಗೆ?

ಪ್ರಶ್ನೆ (ವಿಜಯಪುರದಿಂದ):
ಏಪ್ರಿಲ್ ತಿಂಗಳ ಮಧ್ಯಾಹ್ನಗಳಲ್ಲಿ ಗೋಳಗುಮ್ಮಟದ ಮೇಲೆ ಹದ್ದುಗಳು ರೆಕ್ಕೆ ಬಡಿಯದೆಯೇ ಸುತ್ತುತ್ತ, ಚುಕ್ಕೆಯಷ್ಟಾಗುವವರೆಗೆ ಏರುವುದನ್ನು ನಾನೂ ನನ್ನ ಮಗಳೂ ನೋಡುತ್ತ ನಿಲ್ಲುತ್ತೇವೆ. ಗ್ಲೈಡರ್ ಕೂಡ ಹೀಗೆಯೇ ಗಂಟೆಗಟ್ಟಲೆ ಹಾರುತ್ತದೆ ಎಂದು ಓದಿದ ಅವಳು, ಎಂಜಿನ್ ಇಲ್ಲದ ಮೇಲೆ ಅದು ಇಳಿಯಲೇಬೇಕಲ್ಲವೇ ಎಂದು ಕೇಳುತ್ತಾಳೆ. ಪಿಯುಸಿ ಓದುತ್ತಿರುವ ಅವಳು ಈ ಕ್ರೀಡೆಯನ್ನು ಕಲಿಯಬಹುದೇ? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ (ಬೆಳಗಾವಿಯಿಂದ):
ಮಾನ್ಯರೆ, ನಿಮ್ಮ ಮಗಳು ಕೇಳಿದ್ದು ಸರಿಯಾಗಿಯೇ ಇದೆ. ಗ್ಲೈಡರ್ ತನ್ನ ಸುತ್ತಲಿನ ಗಾಳಿಯೊಳಗೆ ಸದಾ ಇಳಿಯುತ್ತಲೇ ಇರುತ್ತದೆ. ಆದರೆ ಆ ಗಾಳಿಯೇ ಇನ್ನೂ ವೇಗವಾಗಿ ಏರುತ್ತಿದ್ದರೆ ಗ್ಲೈಡರನ್ನೂ ಹೊತ್ತೊಯ್ಯುತ್ತದೆ. ಸೆಕೆಂಡಿಗೆ 1 ಮೀಟರ್ ಇಳಿಯುವ ಗ್ಲೈಡರ್, ಸೆಕೆಂಡಿಗೆ 3 ಮೀಟರ್ ಏರುವ ಗಾಳಿಯಲ್ಲಿ ಸುತ್ತು ಹಾಕಿದರೆ, ನೆಲದಿಂದ ಅಳೆದಾಗ ಸೆಕೆಂಡಿಗೆ 2 ಮೀಟರ್ ಮೇಲೇರುತ್ತದೆ. ಬಿಸಿಲಿಗೆ ಕಾದ ನೆಲದಿಂದ ಹೀಗೆ ಏಳುವ ಗಾಳಿಯನ್ನು ಥರ್ಮಲ್ ಎನ್ನುತ್ತಾರೆ. ಅದು ಕಣ್ಣಿಗೆ ಕಾಣದ ಕಾರಣ ಏರಿಳಿತದ ವೇಗವನ್ನು ತೋರಿಸುವ ವೇರಿಯೋಮೀಟರ್ ಎಂಬ ಉಪಕರಣವನ್ನು ಪೈಲಟರು ನಂಬುತ್ತಾರೆ. ಹದ್ದುಗಳು ಸುತ್ತುತ್ತಿರುವ ಕಡೆಗೂ ಹೋಗುತ್ತಾರೆ ಎಂಬುದನ್ನು ನಿಮ್ಮ ಮಗಳಿಗೆ ಅವಶ್ಯ ಹೇಳಿ.

ಗಳಿಸಿದ ಎತ್ತರವೇ ಮುಂದಿನ ಪಯಣದ ಬಂಡವಾಳ. 1 ಮೀಟರ್ ಇಳಿಯುವಷ್ಟರಲ್ಲಿ 40 ಮೀಟರ್ ಮುಂದೆ ಸಾಗುವ ಗ್ಲೈಡರ್, ವಿಜಯಪುರದ ಮೇಲೆ 1 ಕಿಲೋಮೀಟರ್ ಎತ್ತರದಲ್ಲಿದ್ದರೆ, ನಿಶ್ಚಲ ಗಾಳಿಯಲ್ಲಿ ಬಸವನ ಬಾಗೇವಾಡಿಯ ಆಸುಪಾಸಿನವರೆಗೆ ತೇಲಿಹೋಗಬಲ್ಲದು. ದಾರಿಯಲ್ಲಿ ಇನ್ನೊಂದು ಥರ್ಮಲ್ ಸಿಕ್ಕರೆ ಪಯಣ ಮುಂದುವರಿಯುತ್ತದೆ.

ಉತ್ತರ (ಬಾಗಲಕೋಟೆಯಿಂದ):
ಒಂದು ಮಾತು ಸೇರಿಸುತ್ತೇನೆ. ಎಲ್ಲ ನೆಲವೂ ಒಂದೇ ತೆರನಾಗಿ ಕಾಯುವುದಿಲ್ಲ. ಉತ್ತು ಬಿಟ್ಟ ಒಣ ಎರೆಹೊಲ ಬೇಗ ಕಾಯುತ್ತದೆ. ನೀರುಂಡ ಕಬ್ಬಿನ ಗದ್ದೆಯ ಮೇಲೂ ಆಲಮಟ್ಟಿಯ ಹಿನ್ನೀರಿನ ಮೇಲೂ ಹಗಲಿನಲ್ಲಿ ಅಂಥ ಗಾಳಿ ಏಳುವುದು ಕಡಿಮೆ. ಬೇಸಿಗೆಯಲ್ಲಿ ಹೊಲದ ಮಣ್ಣನ್ನೆತ್ತಿಕೊಂಡು ಸುತ್ತುವ ಸುಳಿಗಾಳಿಯನ್ನು ಗಮನಿಸಿ. ಅದರ ಮೇಲೆ ಬಹುತೇಕ ಥರ್ಮಲ್ ಇರುತ್ತದೆ.

ಉತ್ತರ (ಬೆಳಗಾವಿಯಿಂದ):
ಕಲಿಕೆಯ ವಿಚಾರಕ್ಕೆ ಬಂದರೆ, ನಮಗೆ ಹತ್ತಿರವಿರುವುದು ಪುಣೆಯ ಹಡಪಸರದ ಗ್ಲೈಡಿಂಗ್ ಕೇಂದ್ರ. ಅಲ್ಲಿಗೆ ಹೋಗುವ ಮೊದಲು ತರಬೇತಿಯ ದಿನಗಳನ್ನೂ ವಯಸ್ಸಿನ ಹಾಗೂ ವೈದ್ಯಕೀಯ ನಿಯಮಗಳನ್ನೂ ವಿಚಾರಿಸಿಕೊಳ್ಳಿ. ಎರಡು ಆಸನಗಳ ಗ್ಲೈಡರಿನಲ್ಲಿ ಶಿಕ್ಷಕರು ಹಿಂದೆ ಕುಳಿತು ಕಲಿಸುತ್ತಾರೆ; ನೆಲದ ಮೇಲಿನ ವಿಂಚ್ ಎಂಬ ಯಂತ್ರ, ಗ್ಲೈಡರಿಗೆ ಸಿಕ್ಕಿಸಿದ ಉದ್ದದ ತಂತಿಯನ್ನು ವೇಗವಾಗಿ ಸುತ್ತಿಕೊಳ್ಳುತ್ತಿದ್ದಂತೆ, ದಾರ ಜಗ್ಗಿದ ಗಾಳಿಪಟದ ಹಾಗೆ ಗ್ಲೈಡರ್ ಮೇಲೇಳುತ್ತದೆ. ಆಮೇಲೆ ಅವಳ ಮುಂದೆ ಒಂದು ಗುರಿಯಿರಲಿ: 5 ಗಂಟೆಗಳ ಹಾರಾಟ, 50 ಕಿಲೋಮೀಟರ್ ದೂರ ಮತ್ತು 1,000 ಮೀಟರ್ ಎತ್ತರದ ಗಳಿಕೆ, ಈ ಮೂರನ್ನೂ ಸಾಧಿಸಿದವರಿಗೆ ಅಂತರರಾಷ್ಟ್ರೀಯ ಬೆಳ್ಳಿ ಬ್ಯಾಜು ಸಿಗುತ್ತದೆ.